ಚಿಲಕದ ಕಪಾಟು ಮತ್ತು ಅಜ್ಜಿಯ ಚೀಲ

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದ ನಮ್ಮ ಮನೆಯಲ್ಲೇ ನಾನು ಪಾಳಣಾಘರ, ಅಂದರೆ ಹಗಲು ಮಕ್ಕಳನ್ನು ನೋಡಿಕೊಳ್ಳುವ ಡೇ ಕೇರ್, ನಡೆಸುತ್ತೇನೆ. ಅಪ್ಪ ಅಮ್ಮ ಇಬ್ಬರೂ ಬೆಳಗಿನ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವ ಮನೆಗಳ ಮಕ್ಕಳು, ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನವರು.

ವಿಷದ ವಸ್ತುಗಳನ್ನು ಎತ್ತರದಲ್ಲಿಟ್ಟರೆ ಸಾಕು ಅನ್ನುವವರೇ ಹೆಚ್ಚು. ಎರಡೂವರೆ ವರ್ಷದ ಮಗು ಸ್ಟೂಲ್ ಎಳೆದುಕೊಂಡು ಹತ್ತುತ್ತದೆ! ಆದ್ದರಿಂದ ಫಿನಾಯಿಲ್, ಟಾಯ್ಲೆಟ್ ಕ್ಲೀನರ್ ಎಲ್ಲ ಚಿಲಕದ ಕಪಾಟಿನಲ್ಲಿ, ಕೊಂಡ ಬಾಟಲಿಯಲ್ಲೇ ಇರುತ್ತವೆ. ಬಾಗಿಲಿಗೆ ಬರುವ ಬಿಡಿ ಫಿನಾಯಿಲನ್ನು ನೀರಿನ ಬಾಟಲಿಗೆ ತುಂಬಿಸಿಕೊಳ್ಳುವುದಿಲ್ಲ. ಜಿರಳೆ ಚಾಕ್ ತರುವುದೇ ಇಲ್ಲ, ಅದು ಥೇಟ್ ಬಳಪ. ಇಲಿಗೆ ಬೋನು ಇಡುತ್ತೇನೆ. ಹಳದಿ ರಂಜಕದ ಇಲಿ ಪೇಸ್ಟ್ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವಿಲ್ಲ.

ದೇವರ ಗೂಡಿನ ಕಡೆ ಯಾರ ಗಮನವೂ ಹೋಗುವುದಿಲ್ಲ. ಕರ್ಪೂರ ನೋಡಲು ಕಲ್ಲುಸಕ್ಕರೆಯಂತೆ, ಇರುವುದೂ ಪ್ರಸಾದದ ಪಕ್ಕದಲ್ಲೇ. ಪುಟ್ಟ ಮಗುವಿನ ಹೊಟ್ಟೆಗೆ ಸ್ವಲ್ಪ ಹೋದರೂ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಮಂಗಳಾರತಿಗೆ ಒಂದು ಬಿಲ್ಲೆ ತೆಗೆದು, ಡಬ್ಬಿಯನ್ನು ಕಪಾಟಿಗೆ ಸೇರಿಸಿದ ಮೇಲೆಯೇ ಕಡ್ಡಿ ಗೀರುತ್ತೇನೆ.

ನನಗೆ ಅತಿ ಹೆಚ್ಚು ಭಯ ಅಜ್ಜಿಯರ ಕೈಚೀಲದ್ದು. ಸಂಜೆ ಮೊಮ್ಮಗನನ್ನು ಕರೆದೊಯ್ಯಲು ಬಂದವರು ಚೀಲವನ್ನು ನೆಲದ ಮೇಲಿಡುತ್ತಾರೆ. ಒಳಗೆ ಬಿಪಿ, ಶುಗರ್ ಮಾತ್ರೆ. ಶುಗರ್ ಮಾತ್ರೆಗಳಲ್ಲಿ ಕೆಲವು ಒಂದೇ ಒಂದು ನುಂಗಿದರೂ ಮಗುವಿನ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ಅದೂ ಗಂಟೆಗಳು ಕಳೆದ ಮೇಲೆ. "ಅಮ್ಮ, ಚೀಲ ಕೊಡಿ, ಮೇಲೆ ಸಿಕ್ಕಿಸ್ತೇನೆ" ಅನ್ನುತ್ತೇನೆ. "ನಮ್ಮ ಪುಟ್ಟ ಹಾಗೆಲ್ಲ ಮುಟ್ಟುವುದಿಲ್ಲ ಮಾರಾಯ್ತಿ" ಅನ್ನುತ್ತಾರೆ. ಆದರೂ ಇಸಿದುಕೊಳ್ಳುತ್ತೇನೆ. ಔಷಧಿಯನ್ನು ಚಾಕಲೇಟ್ ಎಂದು ಪುಸಲಾಯಿಸಿ ಕುಡಿಸುವುದಂತೂ ನಮ್ಮಲ್ಲಿ ಇಲ್ಲವೇ ಇಲ್ಲ.

ರಿಮೋಟಿನ ಬಟನ್ ಸೆಲ್ ಮುಚ್ಚಳಕ್ಕೆ ಟೇಪ್ ಸುತ್ತಿದ್ದೇನೆ. ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಆಳವಾಗಿ ಸುಡಬಲ್ಲದು. ನುಂಗಿದ ಅನುಮಾನ ಬಂದರೂ ಸೀದಾ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಬೇಕು.

ನನ್ನ ಜೊತೆ ಕೆಲಸ ಮಾಡುವ ಹುಡುಗಿಗೆ ಪದೇಪದೇ ಹೇಳಿಕೊಟ್ಟಿರುವುದು ಇದು: ಮಗು ಏನಾದರೂ ನುಂಗಿದರೆ ಗಂಟಲಿಗೆ ಬೆರಳು ಹಾಕಬೇಡ, ಉಪ್ಪುನೀರು ಕುಡಿಸಬೇಡ. ವಾಂತಿ ಮಾಡಿಸಿದರೆ ಆಸಿಡ್ ಹೊರಬರುವಾಗ ಗಂಟಲನ್ನು ಮತ್ತೆ ಸುಡುತ್ತದೆ, ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ರಜ್ಞೆ ತಪ್ಪಿದರೆ, ಫಿಟ್ಸ್ ಬಂದರೆ ತಕ್ಷಣ 108. ಮಗು ಚೆನ್ನಾಗಿಯೇ ಕಂಡರೂ ಕಾಯುತ್ತ ಕೂರದೆ ದೆಹಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಬೇಕು. ಹಗಲು ರಾತ್ರಿ ತೆರೆದಿರುವ ಆ ಉಚಿತ ಸಂಖ್ಯೆ 1800 116 117 ನಮ್ಮ ಬಾಗಿಲ ಹಿಂದೆ ದಪ್ಪ ಅಕ್ಷರದಲ್ಲಿದೆ. ಆಸ್ಪತ್ರೆಗೆ ಹೋಗುವಾಗ ಬಾಟಲಿಯೋ ಮಾತ್ರೆಯ ಸ್ಟ್ರಿಪ್ಪೋ ಜೊತೆಗೇ ಹೋಗಬೇಕು, ಖಾಲಿಯಾಗಿದ್ದರೂ.