ಹೊಸಬರಿಗೆ ಮಾರ್ಗದರ್ಶಿ: ಮನೆಯಲ್ಲಿ ವಿಕಲಚೇತನರಿದ್ದರೆ ಆಪತ್ತಿಗೆ ಮುಂಚೆ ಮಾಡಿಕೊಳ್ಳಬೇಕಾದ ಏರ್ಪಾಡು

ದಾವಣಗೆರೆಗೆ ಬಂದಿಳಿದವರಿಗೆ ಬೆಣ್ಣೆ ದೋಸೆ ಎಲ್ಲಿ ಚೆನ್ನಾಗಿರುತ್ತದೆ, ಯಾವ ಶಾಲೆಯಲ್ಲಿ ಸೀಟು ಸಿಗುತ್ತದೆ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಹೇಳಿಕೊಡಲು ನೂರು ಜನರಿದ್ದಾರೆ. ಈ ಕಂತಿನಲ್ಲಿ ಅದಾವುದೂ ಇಲ್ಲ. ಹಾಸಿಗೆ ಹಿಡಿದ ಅತ್ತೆ, ಗಾಲಿಕುರ್ಚಿಯ ಮಗ, ಕಣ್ಣು ಕಾಣದ ಚಿಕ್ಕಪ್ಪ, ಕಿವಿ ಕೇಳದ ಸೊಸೆ, ಇಂಥವರೊಂದಿಗೆ ಹೊಸ ಬಾಡಿಗೆ ಮನೆಯಲ್ಲಿ ಸಾಮಾನು ಇಳಿಸಿರುವ ಕುಟುಂಬಗಳಿಗಾಗಿ ಇದನ್ನು ಬರೆದಿದ್ದೇವೆ. ಬೆಂಕಿ, ನೆರೆ, ಸಿಡಿಲು, ರಾತ್ರಿಯಿಡೀ ಕರೆಂಟ್ ಇಲ್ಲದಿರುವುದು, ಎಲ್ಲವೂ ಇದರಲ್ಲಿ ಬರುತ್ತದೆ. ಬರೆದ ನಮ್ಮ ಸಂಘದವರೆಲ್ಲ ನಿಮ್ಮಂತೆಯೇ ಬೇರೆ ಊರುಗಳಿಂದ ಬಂದವರು.

ಪಕ್ಕದ ಮನೆಗೆ ಹೇಳಿದ್ದೀರಾ?

ಊರಿನಲ್ಲಿದ್ದಾಗ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅಜ್ಜಿ ಯಾವ ಕೋಣೆಯಲ್ಲಿ ಮಲಗುತ್ತಾಳೆ ಎಂಬುದು ಓಣಿಗೆಲ್ಲ ಗೊತ್ತಿರುತ್ತಿತ್ತು. ಬಣವೆಗೆ ಬೆಂಕಿ ಬಿತ್ತು ಎಂದು ಕೂಗಿದರೆ ಸಾಕು, ನಾಲ್ವರು ಒಳನುಗ್ಗಿ ಅಜ್ಜಿಯನ್ನು ಹೊತ್ತು ತರುತ್ತಿದ್ದರು. ಇಲ್ಲಿಗೆ ಬಂದ ಮೇಲೂ ಅದೇ ಭರವಸೆಯಲ್ಲಿ ನಿಶ್ಚಿಂತೆಯಾಗಿರುತ್ತೇವೆ. ವಿದ್ಯಾನಗರದ ಮೂರನೇ ಮಹಡಿಯಲ್ಲೋ ನಿಟ್ಟುವಳ್ಳಿಯ ಹಿಂಬದಿ ಮನೆಯಲ್ಲೋ ಎದ್ದು ನಡೆಯಲಾರದವರು ಒಬ್ಬರಿದ್ದಾರೆ ಎಂಬುದೇ ಎದುರು ಮನೆಗೆ ಗೊತ್ತಿಲ್ಲದಿದ್ದರೆ ಯಾರು ಬರುತ್ತಾರೆ?

ನಮ್ಮವರಲ್ಲಿ ಒಂದು ಕೆಟ್ಟ ಅಭ್ಯಾಸವಿದೆ, ಬೇಸರ ಮಾಡಿಕೊಳ್ಳಬೇಡಿ. ಮನೆ ಮಾಲೀಕರು ಬಾಡಿಗೆಗೆ ಕೊಡಲಿಕ್ಕಿಲ್ಲ, ಮಗಳ ಸಂಬಂಧಕ್ಕೆ ಅಡ್ಡಿಯಾದೀತು ಎಂದು ವಿಕಲಚೇತನರನ್ನು ಒಳಕೋಣೆಯಲ್ಲೇ ಇಟ್ಟುಬಿಡುತ್ತೇವೆ. ನೆಂಟರು ಬಂದರೆ ಆ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಅಗ್ನಿಶಾಮಕ ಸಿಬ್ಬಂದಿ ಬಂದು "ಒಳಗೆ ಇನ್ನಾರಾದರೂ ಇದ್ದಾರೆಯೇ?" ಎಂದು ಕೇಳಿದಾಗ ಬೀದಿಯವರು "ಇಲ್ಲ, ಎಲ್ಲರೂ ಹೊರಗೆ ಬಂದರು" ಎಂದರೆ ತಪ್ಪು ಬೀದಿಯವರದಲ್ಲ.

ಸಾಮಾನು ಬಿಚ್ಚಿದ ವಾರದಲ್ಲೇ ಅಕ್ಕಪಕ್ಕದ ಮೂರು ಮನೆಗಳಿಗೆ ಹೋಗಿ. ಬರಿಗೈಯಲ್ಲಿ ಹೋಗಬೇಡಿ, ಈ ಊರಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಕೊಟ್ಟು ಮಾತು ಆರಂಭಿಸುವುದು ಸುಲಭ. ನಮ್ಮ ಮನೆಯಲ್ಲಿ ಇಂಥವರಿದ್ದಾರೆ, ಇಂಥ ಕೋಣೆಯಲ್ಲಿ ಮಲಗುತ್ತಾರೆ, ಇದು ಅವರ ಹೆಸರು ಎಂದು ಹೇಳಿ. ಅವರು ಮಾತನಾಡಬಲ್ಲವರಾದರೆ ನೆರೆಯವರನ್ನು ಮನೆಗೆ ಕರೆದು ಅವರ ಬಾಯಿಂದಲೇ ಹೇಳಿಸಿ. ತನ್ನನ್ನು ಎಲ್ಲಿ ಹಿಡಿದರೆ ನೋವಾಗುತ್ತದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ನೆರೆಯವರು ಬಂದಾಗ ಒಮ್ಮೆ ಎತ್ತಿ ಇಳಿಸಿ ಅಭ್ಯಾಸ ಮಾಡಿಸುವುದು ಮುಜುಗರ ಎನಿಸಬಹುದು, ಆದರೂ ಮಾಡಿಸಿ. ಬಾಗಿಲಿನ ಇನ್ನೊಂದು ಕೀಲಿ ಆ ಮೂರರಲ್ಲಿ ಒಂದು ಮನೆಯಲ್ಲಿರಲಿ. ರಾತ್ರಿ ಒಳಗಿನಿಂದ ಬೀಗ ಜಡಿದು ಕೀಲಿಯನ್ನು ದೇವರ ಗೂಡಿನಲ್ಲಿಡುವ ಪದ್ಧತಿಯನ್ನು ಇಂದೇ ಬಿಡಿ. ಕೀಲಿ ಬಾಗಿಲ ಪಕ್ಕದ ಮೊಳೆಗೆ ನೇತಾಡಲಿ, ಗಾಲಿಕುರ್ಚಿಯಲ್ಲಿ ಕುಳಿತವರ ಕೈಗೆ ಎಟುಕುವ ಎತ್ತರದಲ್ಲಿ.

ಇನ್ನೊಂದು ಮಾತು. ಗಾಬರಿಯಾದಾಗ ನಾವು ಮೊದಲು ಫೋನ್ ಮಾಡುವುದು ಶಿಕಾರಿಪುರದ ಭಾವನಿಗೋ ಗದಗದ ಅಣ್ಣನಿಗೋ. ಭಾವ ಅಲ್ಲಿಂದ ಏನು ಮಾಡಬಲ್ಲರು? ಮೊದಲು ಪಕ್ಕದ ಬಾಗಿಲು ತಟ್ಟಿ, ಆಮೇಲೆ 112, ಭಾವನಿಗೆ ಎಲ್ಲ ಮುಗಿದ ಮೇಲೆ. 112ಕ್ಕೆ ವಿಳಾಸ ಹೇಳುವಾಗ ಎಷ್ಟನೇ ಮೇನ್, ಎಷ್ಟನೇ ಕ್ರಾಸ್ ಎಂಬಲ್ಲಿ ಹಳಬರೂ ತಡವರಿಸುತ್ತಾರೆ. ಪೂರ್ತಿ ವಿಳಾಸ, ಹತ್ತಿರದ ದೇವಸ್ಥಾನ ಅಥವಾ ಶಾಲೆಯ ಹೆಸರು, "ಇಲ್ಲಿ ನಡೆಯಲಾಗದವರು ಇದ್ದಾರೆ" ಎಂಬ ಸಾಲು, ಇವನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಒಳಬದಿಗೆ ಅಂಟಿಸಿ. ಗಾಬರಿಯಲ್ಲಿ ಅದನ್ನು ಓದಿದರೆ ಸಾಕು.

ಎತ್ತಿಕೊಂಡು ಹೊರಬರುವುದು

ಬಾಡಿಗೆ ಮನೆ ಹುಡುಕುವಾಗಲೇ ನೆಲಮಹಡಿ ಕೇಳಿ, ಬಾಡಿಗೆ ಹೆಚ್ಚಾದರೂ ಸರಿ. ಬೆಂಕಿ ಬಿದ್ದಾಗ ಲಿಫ್ಟ್ ಬಳಸಬಾರದು, ಮೆಟ್ಟಿಲೇ ಗತಿ. ಅಗಲವಾದ ಬಾಗಿಲು, ಮೆಟ್ಟಿಲ ಕೆಳಗೆ ಬೈಕು ನಿಲ್ಲಿಸದ ಮಾಲೀಕರು, ಇವೆರಡೂ ಇದ್ದರೆ ಅದೃಷ್ಟ.

ಮೆಟ್ಟಿಲಿಳಿಸಲು ಗಟ್ಟಿ ಮರದ ಅಥವಾ ಕಬ್ಬಿಣದ ಕುರ್ಚಿ ಬೇಕು. ಪ್ಲಾಸ್ಟಿಕ್ ಕುರ್ಚಿಯ ಕಾಲು ಅರ್ಧದಾರಿಯಲ್ಲಿ ಮುರಿದೀತು. ಕುಳಿತವರ ಮುಖ ಇಳಿಯುವ ದಿಕ್ಕಿಗಿರಲಿ. ಎದೆಯ ಸುತ್ತ ಒಂದು ಸೀರೆಯನ್ನೋ ಪಂಚೆಯನ್ನೋ ಕುರ್ಚಿಗೆ ಸೇರಿಸಿ ಕಟ್ಟಿ. ಬಲವಿರುವವರು ಹಿಂದೆ ನಿಂತು ಕುರ್ಚಿಯನ್ನು ತಮ್ಮ ಕಡೆಗೆ ಬಾಗಿಸಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ನಿಂತು ಮುಂಗಾಲುಗಳನ್ನು ಹಿಡಿಯಬೇಕು. ಒಂದೊಂದೇ ಮೆಟ್ಟಿಲು, ಒಬ್ಬರೇ "ಹೂಂ" ಎನ್ನಬೇಕು. ಗಾಲಿಕುರ್ಚಿ ಸಮೇತ ಇಳಿಸುವುದಾದರೆ ಚೌಕಟ್ಟನ್ನು ಹಿಡಿಯಿರಿ. ಕೈಯಾನಿಕೆ, ಪಾದದ ಹಲಗೆ ಕಳಚಿ ಕೈಗೆ ಬಂದುಬಿಡುತ್ತವೆ. ಬ್ಯಾಟರಿ ಗಾಲಿಕುರ್ಚಿಯನ್ನು ಹೊರಲು ಹೋಗಬೇಡಿ. ಮೂತ್ರದ ಚೀಲವಿದ್ದರೆ ಅದನ್ನು ಮೊದಲು ಮಂಚದಿಂದ ಬಿಡಿಸಿ ಅವರ ತೊಡೆಯ ಮೇಲಿಡಿ, ಆಮೇಲೆ ಎತ್ತಿ.

ಹೊಗೆ ತುಂಬಿದ್ದರೆ ಎತ್ತಬೇಡಿ, ಎಳೆಯಿರಿ. ಹೊಗೆ ಮೇಲೆ ಕಟ್ಟುತ್ತದೆ, ಉಸಿರಾಡುವ ಗಾಳಿ ನೆಲದ ಹತ್ತಿರವಿರುತ್ತದೆ. ಚಳ್ಳಕೆರೆ ಕಡೆಯ ದಪ್ಪ ಕಂಬಳಿ ಒಂದನ್ನು ಹಾಸಿಗೆಯ ಕೆಳಗೆ ಸದಾ ಹಾಸಿಡಿ. ಉಣ್ಣೆಗೆ ಬೆಂಕಿ ಬೇಗ ಹತ್ತುವುದಿಲ್ಲ, ತಲೆಯ ಕಡೆಯ ಎರಡು ಮೂಲೆ ಹಿಡಿದು ಒಬ್ಬರೇ ಎಳೆಯಬಹುದು.

ಗ್ಯಾಸ್ ಸೋರಿದರೆ: ಸ್ವಿಚ್ ಮುಟ್ಟಬೇಡಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆಯಿರಿ, ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ಹರಡುತ್ತದೆ. ಚಾಪೆಯ ಮೇಲೆ ಮಲಗಿದವರನ್ನು ಮೊದಲು ಹೊರಗೆ ತನ್ನಿ.

ಕರೆಂಟ್

ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇವೆ, ನಮ್ಮಲ್ಲಿ ಹಲವರು ಪೆಟ್ಟು ತಿಂದಿರುವುದು ಇಲ್ಲಿಯೇ. ಏಪ್ರಿಲ್, ಮೇ ತಿಂಗಳ ಸಂಜೆ ಗಾಳಿ ಎದ್ದು ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ನಾವು ಬಂದ ಹೊಸದರಲ್ಲಿ ಮನೆ ತೋರಿಸಿದವರು "ಜನರೇಟರ್ ಇದೆ, ಚಿಂತೆಯಿಲ್ಲ" ಎಂದಿದ್ದರು. ಕರೆಂಟ್ ಹೋದ ರಾತ್ರಿ ನೋಡಿದರೆ ಆ ಜನರೇಟರ್ ಉರಿಸಿದ್ದು ಮೆಟ್ಟಿಲ ದೀಪಗಳನ್ನು ಮಾತ್ರ. ಒಳಗೆ ಅತ್ತೆಯ ಗಾಳಿಹಾಸಿಗೆ (ಬೆನ್ನು ಹುಣ್ಣಾಗದಂತೆ ಕರೆಂಟ್ ಪಂಪು ಗಾಳಿ ತುಂಬುವ ಹಾಸಿಗೆ) ಮೆತ್ತಗೆ ಇಳಿಯುತ್ತ ಹೋಗಿ, ಮಂಚದ ಹಲಗೆ ಅವರ ಸೊಂಟಕ್ಕೆ ಒತ್ತತೊಡಗಿತು. ಜನರೇಟರ್ ಇದೆ ಎಂದವರಿಗೆ ಮುಂಗಡ ಕೊಡುವ ಮೊದಲು ಕೇಳಿ: ಮಲಗುವ ಕೋಣೆಯ ಪ್ಲಗ್‌ಗೆ ಬರುತ್ತದೆಯೇ?

ಗಾಳಿಹಾಸಿಗೆ ಇಳಿದರೆ ದಪ್ಪ ಹತ್ತಿ ಹಾಸಿಗೆಗೆ ಬದಲಿಸಿ, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿ. ಕೆಲವು ಮಾದರಿಗಳಲ್ಲಿ ಕೊಳವೆಯ ತುದಿ ಮುಚ್ಚಲು ಬಿರಡೆ ಇರುತ್ತದೆ, ಡಬ್ಬದ ತಳದಲ್ಲಿ ಬಿದ್ದಿರುತ್ತದೆ, ಹುಡುಕಿ.

ಆಮ್ಲಜನಕದ ಯಂತ್ರದ ಮೇಲೆ ಇರುವವರಿಗೆ ಲೆಕ್ಕ ಗೊತ್ತಿರಲೇಬೇಕು. ಐದು ಲೀಟರ್ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ. ಮನೆಯ ಇನ್ವರ್ಟರ್‌ಗೆ 150 ಆಂಪಿಯರ್-ಅವರ್‌ನ ಒಂದು ಬ್ಯಾಟರಿ ಇದ್ದರೆ, ಅದು ಹೊಸದಾಗಿದ್ದರೂ ಮೂರು ಗಂಟೆಯ ಆಸುಪಾಸು ನಡೆದೀತು, ಅದೂ ಫ್ಯಾನ್, ಟಿವಿ ಆರಿಸಿದ್ದರೆ. ಆದ್ದರಿಂದ ತುಂಬಿದ ಒಂದು ಬಿ ಮಾದರಿಯ ಆಮ್ಲಜನಕದ ಸಿಲಿಂಡರ್ ಮನೆಯಲ್ಲಿರಲಿ. ಅದರಲ್ಲಿ ಸುಮಾರು 1,500 ಲೀಟರ್ ಇರುತ್ತದೆ, ನಿಮಿಷಕ್ಕೆ ಎರಡು ಲೀಟರ್ ಹರಿವಿನಲ್ಲಿ ಹನ್ನೆರಡು ಗಂಟೆ ಬರುತ್ತದೆ. ಸಿಲಿಂಡರಿನ ಕೀಲಿ ತಿರುಗಿಸುವುದನ್ನು ಮನೆಯ ಹೆಂಗಸರೂ ಮಕ್ಕಳೂ ಕಲಿತಿರಬೇಕು, ಯಜಮಾನರು ಆಫೀಸಿನಲ್ಲಿದ್ದಾಗಲೇ ಕರೆಂಟ್ ಹೋಗುವುದು. ಮತ್ತೆ, ಆ ಕೋಣೆಯಲ್ಲಿ ದೇವರ ದೀಪ, ಊದುಬತ್ತಿ, ಕರ್ಪೂರ ಬೇಡ. ಆಮ್ಲಜನಕ ತಾನು ಉರಿಯುವುದಿಲ್ಲ, ಆದರೆ ಸಣ್ಣ ಕಿಡಿಯನ್ನೂ ದೊಡ್ಡ ಬೆಂಕಿ ಮಾಡುತ್ತದೆ. ದೇವರನ್ನು ನಡುಮನೆಗೆ ಸ್ಥಳಾಂತರಿಸಿದರೆ ದೇವರು ಮುನಿಯುವುದಿಲ್ಲ.

ಬೆಸ್ಕಾಂ ಸಹಾಯವಾಣಿ 1912. ಎಲ್ಲೆಲ್ಲಿ ವಿದ್ಯುತ್ ವ್ಯತ್ಯಯ ಎಂಬ ಪ್ರಕಟಣೆ ಜನತಾವಾಣಿಯಂಥ ಸ್ಥಳೀಯ ಪತ್ರಿಕೆಯಲ್ಲಿ ಬರುತ್ತದೆ, ಬೆಳಿಗ್ಗೆ ರಾಶಿಫಲಕ್ಕೆ ಮೊದಲು ಅದನ್ನು ನೋಡಿ. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತಿಂಗಳಿಗೊಮ್ಮೆ ನೋಡಿಕೊಳ್ಳಿ. ಗಾಲಿಕುರ್ಚಿಯ ಬ್ಯಾಟರಿಯನ್ನು ಮೋಡ ಕಟ್ಟಿದ ದಿನ ಮಧ್ಯಾಹ್ನವೇ ಚಾರ್ಜ್ ಮಾಡಿ.

ಹೆಸರು ನೋಂದಾಯಿಸುವುದು

ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 8ನೇ ಕಲಂ ಆಪತ್ತಿನ ಸಮಯದ ರಕ್ಷಣೆಯ ಬಗ್ಗೆಯೇ ಇದೆ. ಜಿಲ್ಲೆಯ ವಿಕಲಚೇತನರ ವಿವರ ಇಟ್ಟುಕೊಂಡು, ಅಪಾಯದ ಮುನ್ಸೂಚನೆಯನ್ನು ಅವರಿಗೆ ತಲುಪಿಸುವುದು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕರ್ತವ್ಯ ಎಂದು ಅದು ಹೇಳುತ್ತದೆ. ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಇದು ನಿಮ್ಮ ಹಕ್ಕು, ಕೈಮುಗಿದು ಬೇಡುವ ಉಪಕಾರವಲ್ಲ. ಆದರೆ ನಿಮ್ಮ ಯುಡಿಐಡಿ ಕಾರ್ಡಿನಲ್ಲಿ (ವಿಕಲಚೇತನರ ಗುರುತಿನ ಚೀಟಿ) ಇನ್ನೂ ಕಲಬುರಗಿಯದೋ ಕಾರವಾರದ್ದೋ ವಿಳಾಸವಿದ್ದರೆ ಇಲ್ಲಿನ ಪಟ್ಟಿಯಲ್ಲಿ ನೀವು ಎಲ್ಲಿಂದ ಬರಬೇಕು? ಕಾರ್ಡು ದೇಶದಾದ್ಯಂತ ನಡೆಯುತ್ತದೆ ಎಂದು ಸುಮ್ಮನೆ ಕೂರಬೇಡಿ, ವಿಳಾಸ ಬದಲಾಯಿಸಿ. ಜೊತೆಗೆ ಒಂದು ಪುಟದ ಅರ್ಜಿ ಬರೆದು ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆಯಿಲ್ಲದ ಅರ್ಜಿ ಕೊಟ್ಟರೂ ಒಂದೇ, ಕೊಡದಿದ್ದರೂ ಒಂದೇ.

ಹಳ್ಳಿಯಲ್ಲಿ ಮನೆ ಮಾಡಿದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ನಗರದವರು ನಗರ ಪುನರ್ವಸತಿ ಕಾರ್ಯಕರ್ತರನ್ನು ಪರಿಚಯ ಮಾಡಿಕೊಳ್ಳಿ. ಈ ಕಾರ್ಯಕರ್ತರು ಬಹುಪಾಲು ಸ್ವತಃ ವಿಕಲಚೇತನರು, ಎರಡು ಮಾತಿನಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ವಿಕಲಚೇತನರ ಪುನರ್ವಸತಿಗಾಗಿರುವ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ (ಸಿಆರ್‌ಸಿ) ನಮ್ಮ ದಾವಣಗೆರೆಯಲ್ಲೇ ಇದೆ. ಅದಕ್ಕಾಗಿ ಹೊರ ಜಿಲ್ಲೆಯವರು ಇಲ್ಲಿಗೆ ಬರುತ್ತಾರೆ, ಊರಿನಲ್ಲೇ ಇದ್ದೂ ಹೋಗದಿರಬೇಡಿ.

ಹೊಳೆ

ನಗರದವರಿಗೆ ಇದು ಅಷ್ಟಾಗಿ ಬೇಡ. ಹರಿಹರ, ಹೊನ್ನಾಳಿಯಲ್ಲಿ ಮನೆ ಮಾಡಿದವರು ಓದಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮಲೆನಾಡಿನಲ್ಲಿ ಮಳೆ ಹಿಡಿದು, ಗಾಜನೂರಿನ ತುಂಗಾ ಜಲಾಶಯ ಮತ್ತು ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ನೀರು ಬಿಟ್ಟರೆ ತುಂಗಭದ್ರೆ ಏರುತ್ತಾಳೆ. 2019ರ ಆಗಸ್ಟ್ ಅನ್ನು ಹೊಳೆದಂಡೆಯ ಹಳಬರು ಮರೆತಿಲ್ಲ, ಕೇಳಿ ನೋಡಿ. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಗೋಡೆ ತೋರಿಸುತ್ತಾರೆ.

ಭದ್ರಾ ಜಲಾಶಯ ತನ್ನ ಭರ್ತಿ ಮಟ್ಟವಾದ 186 ಅಡಿಯ ಹತ್ತಿರ ಬಂದಿದೆ ಎಂಬ ಸುದ್ದಿ ಓದಿದಾಗಲೇ ವಿಕಲಚೇತನರನ್ನು ಬಂಧುಗಳ ಮನೆಗೆ ಕಳಿಸಿ. ಉಳಿದವರು ಕೊನೆ ಗಳಿಗೆಯಲ್ಲಿ ಓಡಬಹುದು, ಅವರಿಗೆ ಆಗುವುದಿಲ್ಲ. ಶಾಲೆಗಳಲ್ಲಿ ತೆರೆಯುವ ಕಾಳಜಿ ಕೇಂದ್ರಕ್ಕೆ (ನೆರೆ ಸಂತ್ರಸ್ತರ ತಂಗುದಾಣ) ಹೋಗಬೇಕಾದರೆ ಕಮೋಡ್ ಕುರ್ಚಿಯನ್ನು ಜೊತೆಗೆ ಒಯ್ಯಿರಿ. ಶಾಲೆಯ ಶೌಚಾಲಯದಲ್ಲಿ ಕುಕ್ಕರಗಾಲಿನಲ್ಲಿ ಕೂರಬೇಕು.

ಮಾನಸಿಕ ಕಾಯಿಲೆ ಇರುವವರನ್ನು ಹೊಳೆದಂಡೆಯ ಉಕ್ಕಡಗಾತ್ರಿಯ ಕರಿಬಸವೇಶ್ವರ ಅಜ್ಜಯ್ಯನ ಗುಡಿಗೆ ಕರೆದುಕೊಂಡು ಹೋಗುವ ಕುಟುಂಬಗಳು ನಮ್ಮಲ್ಲೂ ಇವೆ. ಅಜ್ಜಯ್ಯನ ಮೇಲಿನ ಭಕ್ತಿ ನಿಮ್ಮದು, ಅದಕ್ಕೆ ನಾವು ಅಡ್ಡ ಬರುವುದಿಲ್ಲ. ಹೊಳೆ ತುಂಬಿದಾಗ ಅಲ್ಲಿ ಗುಡಿಯ ಸುತ್ತಲೂ ನೀರು ಬರುತ್ತದೆ, ಆ ದಿನಗಳಲ್ಲಿ ಹೋಗಬೇಡಿ. ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ಯಾವ ದಿನವೂ ನಿಲ್ಲಿಸಬೇಡಿ.

ಯಾರಿಗೆ ಏನು

ಕಣ್ಣು ಕಾಣದವರ ಕೈ ಹಿಡಿದು ಎಳೆಯಬೇಡಿ, ಅವರು ನಿಮ್ಮ ಮೊಣಕೈ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದಿರಿ. ಸಂಪಿನ ಮುಚ್ಚಳ ಯಾವಾಗಲೂ ಮುಚ್ಚಿರಲಿ. ನೀರು ಬಿಟ್ಟ ದಿನ ಮುಚ್ಚಳ ತೆರೆದಿಟ್ಟು ಪೈಪು ಹಾಕಿ ಒಳಗೆ ಹೋಗುವುದು ಈ ಊರಿನ ಮನೆಮನೆಯ ರೂಢಿ.

ಕಿವಿ ಕೇಳದವರಿಗೆ ಕೂಗು, ಸೈರನ್ ಎರಡೂ ವ್ಯರ್ಥ. ನಮ್ಮ ಸಂಘದ ಒಬ್ಬ ದಂಪತಿಯ ಮನೆಯಲ್ಲಿ ಕರೆಗಂಟೆ ಒತ್ತಿದರೆ ನಡುಮನೆಯ ದೀಪ ಮಿನುಗುತ್ತದೆ, ಯಾವ ಎಲೆಕ್ಟ್ರಿಷಿಯನ್ ಬೇಕಾದರೂ ಮಾಡಿಕೊಡುತ್ತಾನೆ. ರಾತ್ರಿ ಮೊಬೈಲ್ ದಿಂಬಿನ ಕೆಳಗೆ, ವೈಬ್ರೇಷನ್‌ನಲ್ಲಿರಲಿ. ಫೋನಿಗೆ 112ರ ಆ್ಯಪ್ ಹಾಕಿಕೊಡಿ.

ಆಟಿಸಂ ಅಥವಾ ಬೌದ್ಧಿಕ ವೈಕಲ್ಯವಿರುವ ಮಕ್ಕಳನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಹೋಗಬೇಡಿ. ಬೇರೆ ದಾರಿಯಿಲ್ಲ ಎನ್ನುತ್ತೀರಿ, ಗೊತ್ತು. ಸಂಘಕ್ಕೆ ಹೇಳಿ, ಹಗಲು ನೋಡಿಕೊಳ್ಳುವವರನ್ನು ಸೇರಿ ಹುಡುಕೋಣ. ಗದ್ದಲದಲ್ಲಿ ಇಂಥ ಮಕ್ಕಳು ಹೊರಬರುವ ಬದಲು ಮಂಚದ ಕೆಳಗೆ ಸೇರಿಕೊಳ್ಳಬಹುದು. ಇಷ್ಟದ ಆಟಿಕೆ ಅಥವಾ ಬಟ್ಟೆ ಕೈಗೆ ಕೊಟ್ಟು, ದನಿ ತಗ್ಗಿಸಿ ಕರೆಯಿರಿ.

ಬಾಗಿಲ ಪಕ್ಕದ ಚೀಲ

ಒಂದು ವಾರದ ಮಾತ್ರೆ, ವೈದ್ಯರ ಚೀಟಿಯ ನಕಲು. ಯುಡಿಐಡಿ, ಆಧಾರ್ ನಕಲು, ಪ್ಲಾಸ್ಟಿಕ್ ಕವರಿನಲ್ಲಿ. ಡೈಪರ್, ಕ್ಯಾಥೆಟರ್. ಶ್ರವಣ ಸಾಧನದ ಬ್ಯಾಟರಿ. ಟಾರ್ಚ್, ಸೀಟಿ, ಪವರ್ ಬ್ಯಾಂಕ್. ಮಡಚುವ ಬಿಳಿಕೋಲು. ನೀರು, ಅವಲಕ್ಕಿ, ಬೆಲ್ಲ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಫ್ರಿಜ್‌ನಲ್ಲಿದೆ ಎಂದು ನೆನಪಿಸುವ ಚೀಟಿ, ಚೀಲದ ಮೇಲೆಯೇ.

ಸಿಡಿಲು

ಗುಡುಗು ಕೇಳಿದ ಕೂಡಲೇ ಒಳಗೆ. ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಆ್ಯಪ್ ಹಾಕಿಕೊಳ್ಳಿ. ಚಾರ್ಜಿಗೆ ಹಾಕಿದ ಗಾಲಿಕುರ್ಚಿಯ ಪ್ಲಗ್ ಕೀಳಿ. ಮರದಡಿ ಗಾಲಿಕುರ್ಚಿ ನಿಲ್ಲಿಸಬೇಡಿ.

ಸಂಖ್ಯೆಗಳು

ಎಲ್ಲ ತುರ್ತು: 112
ಆಂಬುಲೆನ್ಸ್: 108
ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ: 1077
ಗ್ಯಾಸ್ ಸೋರಿಕೆ: 1906
ಬೆಸ್ಕಾಂ: 1912
ಹಿರಿಯ ನಾಗರಿಕರ ಸಹಾಯವಾಣಿ: 14567
ಮಾನಸಿಕ ಆರೋಗ್ಯ, ಟೆಲಿ ಮಾನಸ್: 14416

ಆ ಮೂರು ಮನೆಗಳ ಸಂಖ್ಯೆಯನ್ನು ಇದರ ಕೆಳಗೆ ನೀವೇ ಬರೆದುಕೊಳ್ಳಿ. ಮನೆ ಬದಲಿಸಿದರೆ ಹೊಸ ವಿಳಾಸವನ್ನು ಸಂಘಕ್ಕೂ ತಿಳಿಸಿ. ಹಳೆಯ ಮನೆಗೆ ಹೋಗಿ ಬಾಗಿಲು ಬಡಿದು ಬೈಸಿಕೊಂಡು ಬಂದ ಸ್ವಯಂಸೇವಕರು ನಮ್ಮಲ್ಲಿದ್ದಾರೆ.