ಇಂಗ್ಲಿಷಿನ ಹಳೆಯ ಪದವೊಂದರ ಜಾಡು ಹಿಡಿಯುವ ಬಗೆ: ‘ಡಿಯರ್’ ಮತ್ತು ನಮ್ಮ ‘ಮೃಗ’

ಪದದ ಮೂಲ ಗೊತ್ತಾದರೆ ಅದರ ನಿಜವಾದ ಅರ್ಥವೂ ಗೊತ್ತಾದಂತೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಧಾತುವನ್ನು ಹೇಳಿ ಅಲ್ಲಿಂದ ನೇರವಾಗಿ ಇಂದಿನ ಅರ್ಥಕ್ಕೆ ಬರುವ ವಿವರಣೆಗಳನ್ನು ಭಾಷಣಗಳಲ್ಲಿಯೂ ತರಗತಿಗಳಲ್ಲಿಯೂ ಕೇಳುತ್ತಲೇ ಇರುತ್ತೇವೆ. ಪದಗಳ ಚರಿತ್ರೆಯನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಬೇಕೆನ್ನುವವರು ಮೊದಲು ಬಿಡಬೇಕಾದದ್ದು ಈ ರೂಢಿಯನ್ನು. ಅರ್ಥ ನೆಲೆಸಿರುವುದು ಜನ ಆ ಪದವನ್ನು ಬಳಸಿದ ವಾಕ್ಯಗಳಲ್ಲಿ. ಆದ್ದರಿಂದ ಬೇರೆ ಬೇರೆ ಕಾಲದ ವಾಕ್ಯಗಳನ್ನು ಕೂಡಿಹಾಕಿ, ವರ್ಷದ ಕ್ರಮದಲ್ಲಿ ಜೋಡಿಸಿ ಓದುವುದೇ ಇಲ್ಲಿ ಮುಖ್ಯವಾದ ಕೆಲಸ. ಧಾರವಾಡ, ಗದಗ, ಹಾವೇರಿ ಸೀಮೆಯ ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಕೈಗೆಟುಕುವ ಸಾಧನಗಳಿಂದಲೇ ಇದನ್ನು ಮಾಡುವ ಕ್ರಮವನ್ನು ‘ಡಿಯರ್’ ಎಂಬ ಒಂದೇ ಪದವನ್ನು ಮುಂದಿಟ್ಟುಕೊಂಡು ವಿವರಿಸುತ್ತೇನೆ. ನಾವು ಜಿಂಕೆ ಅಥವಾ ಚಿಗರಿ ಎನ್ನುವ ಪ್ರಾಣಿಗೆ ಇಂಗ್ಲಿಷಿನಲ್ಲಿರುವ ಈ ಹೆಸರನ್ನೇ ಆರಿಸಿದ್ದಕ್ಕೆ ಕಾರಣವಿದೆ: ಅದು ನಡೆದುಬಂದ ದಾರಿಗೆ ಬಹಳ ಹತ್ತಿರದ ದಾರಿಯಲ್ಲಿ ನಮ್ಮ ‘ಮೃಗ’ವೂ ನಡೆದಿದೆ.

ಆರಂಭದಲ್ಲಿಯೇ ಯಾವ ಪದವನ್ನು ಹುಡುಕುತ್ತಿದ್ದೇವೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕನ್ನಡ ಲಿಪಿಯಲ್ಲಿ ‘ಡಿಯರ್’ ಎಂದು ಬರೆದಾಗ ಇಂಗ್ಲಿಷಿನ ಎರಡು ಬೇರೆ ಪದಗಳು ಒಂದೇ ರೂಪಕ್ಕೆ ಬರುತ್ತವೆ. ಒಂದು ಜಿಂಕೆಯ ಹೆಸರು, ಇನ್ನೊಂದು ಪ್ರಿಯ ಅಥವಾ ತುಟ್ಟಿ ಎಂಬ ಅರ್ಥದ್ದು. ಹಳೆಯ ಇಂಗ್ಲಿಷಿನಲ್ಲಿ, ಅಂದರೆ ಸುಮಾರು 1100ಕ್ಕಿಂತ ಹಿಂದಿನ ಇಂಗ್ಲಿಷಿನಲ್ಲಿ, ಮೊದಲನೆಯದು ‘ದೇಓರ್’, ಎರಡನೆಯದು ‘ದೇಓರೆ’. ಇಂಗ್ಲಿಷಿನಲ್ಲಿ ಇವತ್ತಿಗೂ ಇವೆರಡರ ಕಾಗುಣಿತ ಬೇರೆಯಾಗಿದೆ. ಉಚ್ಚಾರಣೆ ಒಂದಾದ ಮಾತ್ರಕ್ಕೆ ಇವೆರಡನ್ನೂ ಒಂದೇ ಬಳ್ಳಿಯ ಕಾಯಿಗಳೆಂದು ತಿಳಿದು ಕಥೆ ಕಟ್ಟಿದರೆ ಮುಂದಿನ ಶ್ರಮವೆಲ್ಲ ನೀರುಪಾಲು.

ಆಮೇಲೆ ನಿಘಂಟುಗಳ ಕಡೆಗೆ ಹೋಗಬೇಕು. ಶಾಲೆಯಲ್ಲಿ ಬಳಸುವ ಸಾಮಾನ್ಯ ನಿಘಂಟು ಇಂದಿನ ಅರ್ಥವನ್ನಷ್ಟೇ ಕೊಡುವುದರಿಂದ ಈ ಕೆಲಸಕ್ಕೆ ಸಾಲದು. ಐತಿಹಾಸಿಕ ತತ್ತ್ವದ ಮೇಲೆ ರಚಿತವಾದ ನಿಘಂಟು ಬೇಕು, ಅಂದರೆ ಪ್ರತಿಯೊಂದು ಅರ್ಥದ ಕೆಳಗೆ ಅದಕ್ಕೆ ಆಧಾರವಾದ ವಾಕ್ಯಗಳನ್ನು ವರ್ಷಸಹಿತವಾಗಿ ಕೊಡುವಂಥದ್ದು. ಇಂಗ್ಲಿಷಿಗೆ ಈ ಬಗೆಯಲ್ಲಿ ಹಿರಿಯದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು. ಅದರ ಮೊದಲ ಭಾಗ ಹೊರಬಂದದ್ದು 1884ರಲ್ಲಿ, ಕೊನೆಯ ಭಾಗ 1928ರಲ್ಲಿ. ಸಂಪಾದಕ ಜೇಮ್ಸ್ ಮರ್ರೆ 1915ರಲ್ಲಿಯೇ ತೀರಿಕೊಂಡಿದ್ದರು. ಊರೂರಿನ ಓದುಗರು ತಾವು ಓದಿದ ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಕಳಿಸಿದ್ದರಿಂದಲೇ ಆ ನಿಘಂಟು ಸಾಧ್ಯವಾಯಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಅದರ ಅಂತರ್ಜಾಲ ಆವೃತ್ತಿಗೆ ಚಂದಾ ಬೇಕಾಗುವುದರಿಂದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಚಾರಿಸುವುದು ಒಳ್ಳೆಯದು. ಹಳೆಯ ಇಂಗ್ಲಿಷಿಗೆ ಬೋಸ್ವರ್ತ್ ಮತ್ತು ಟಾಲರ್ ಅವರ ನಿಘಂಟು, ಮಧ್ಯಕಾಲೀನ ಇಂಗ್ಲಿಷಿಗೆ ಮಿಶಿಗನ್ ವಿಶ್ವವಿದ್ಯಾಲಯದ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿಯೇ ದೊರೆಯುತ್ತವೆ.

ಸಿಕ್ಕ ಪ್ರತಿಯೊಂದು ವಾಕ್ಯವನ್ನೂ ಬೇರೆ ಬೇರೆ ಚೀಟಿಯಲ್ಲಿ ವರ್ಷದೊಂದಿಗೆ ಬರೆದುಕೊಳ್ಳಿರಿ. ನಿಘಂಟು ಕೊಡುವ ಅತಿ ಹಳೆಯ ವರ್ಷವು ಆ ಪದ ಅಥವಾ ಅರ್ಥ ಉಳಿದುಬಂದ ಬರಹದಲ್ಲಿ ಮೊದಲು ಕಾಣಿಸಿಕೊಂಡ ವರ್ಷವೇ ಹೊರತು ಹುಟ್ಟಿದ ವರ್ಷವಲ್ಲ. ಜನರ ಬಾಯಲ್ಲಿ ಅದು ಎಷ್ಟೋ ಮೊದಲೇ ಇದ್ದಿರಬಹುದು.

ಚೀಟಿಗಳು ಸಿದ್ಧವಾದ ಮೇಲೆ ಮಾಡಬೇಕಾದ ಪರೀಕ್ಷೆ ಸರಳವಾದದ್ದು, ಆದರೆ ಅದಕ್ಕಿಂತ ಫಲ ಕೊಡುವ ಪರೀಕ್ಷೆ ಮತ್ತೊಂದಿಲ್ಲ. ಹಳೆಯ ವಾಕ್ಯದಲ್ಲಿ ಇಂದಿನ ಅರ್ಥವನ್ನು ಇಟ್ಟು, ವಾಕ್ಯ ನಿಲ್ಲುತ್ತದೆಯೇ ನೋಡಬೇಕು. ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದ ಮೂರನೆಯ ಅಂಕದಲ್ಲಿ ಹುಚ್ಚು ಭಿಕ್ಷುಕನ ವೇಷ ಹಾಕಿದ ಎಡ್ಗರ್, ಇಲಿ, ಹೆಗ್ಗಣ ಮತ್ತು ಅಂಥವೇ ಸಣ್ಣ ‘ಡಿಯರ್’ಗಳು ಏಳು ವರ್ಷ ತನ್ನ ಆಹಾರವಾಗಿದ್ದವು ಎನ್ನುತ್ತಾನೆ. ಇಲ್ಲಿ ಜಿಂಕೆ ಎಂದು ಓದಿದರೆ ಇಲಿಯೂ ಹೆಗ್ಗಣವೂ ಜಿಂಕೆಯ ಜಾತಿಗೆ ಸೇರಬೇಕಾಗುತ್ತದೆ. ಪ್ರಾಣಿ ಎಂದು ಓದಿದ ಕೂಡಲೇ ಮಾತು ಸರಿಹೋಗುತ್ತದೆ. ಹಳೆಯ ಇಂಗ್ಲಿಷಿನ ‘ದೇಓರ್’ ಸಾಮಾನ್ಯವಾಗಿ ಕಾಡುಪ್ರಾಣಿಯನ್ನು ಸೂಚಿಸುವ ಪದವಾಗಿತ್ತು ಎಂಬುದಕ್ಕೆ ಈ ಸಾಲು ಒಳ್ಳೆಯ ಸಾಕ್ಷಿ.

ಹಾಗೆಂದು ಷೇಕ್ಸ್‌ಪಿಯರನ ಕಾಲದ ಜನ, ಅಂದರೆ 1600ರ ಆಸುಪಾಸಿನವರು, ದಿನಬಳಕೆಯಲ್ಲಿಯೂ ಎಲ್ಲ ಪ್ರಾಣಿಗಳನ್ನು ಹೀಗೆಯೇ ಕರೆಯುತ್ತಿದ್ದರೆಂದು ತೀರ್ಮಾನಿಸಿದರೆ ಎಡವುತ್ತೇವೆ. ಎಡ್ಗರ್ ಆಡುವುದು ‘ಬೆವಿಸ್ ಆಫ್ ಹ್ಯಾಂಪ್ಟನ್’ ಎಂಬ ಮಧ್ಯಕಾಲದ ಪದ್ಯಕಥೆಯ ಸಾಲುಗಳ ಪ್ರತಿಧ್ವನಿ. ಅಲ್ಲಿ ಏಳು ವರ್ಷ ಸೆರೆಯಲ್ಲಿದ್ದ ನಾಯಕನಿಗೆ ಇಲಿ ಹೆಗ್ಗಣಗಳೇ ಊಟವಾಗಿದ್ದುವೆಂಬ ವರ್ಣನೆ ಬರುತ್ತದೆ. ರಾಶಿ ಮಾಡುವಾಗ ಕಣದಲ್ಲಿ ಹಾಡುವ ನಮ್ಮ ಹಂತಿಯ ಹಾಡುಗಳಲ್ಲಿ ಮಾತಿನಿಂದ ಮರೆಯಾದ ಶಬ್ದಗಳು ಉಳಿದಿರುವ ಹಾಗೆ, ಪ್ರಾಸಬದ್ಧವಾದ ಹಳೆಯ ಸಾಲು ಹಳೆಯ ಅರ್ಥವನ್ನು ಹೊತ್ತುಕೊಂಡು ಬಂದಿದೆ. ಆದಕಾರಣ ಚೀಟಿಯ ಮೇಲೆ ವರ್ಷವನ್ನಷ್ಟೇ ಬರೆದರೆ ಸಾಲದು. ಮಾತು ಗದ್ಯದ್ದೋ ಪದ್ಯದ್ದೋ, ಆಡಿದವರು ಯಾರು, ಹಳೆಯದೊಂದರ ಅನುಕರಣೆಯೇ ಎಂಬುದನ್ನೂ ಗುರುತಿಸಬೇಕು.

ಅರ್ಥ ಬದಲಾದದ್ದು ಖಚಿತವಾದ ಬಳಿಕ ಕಾರಣವನ್ನು ಹುಡುಕಬೇಕು, ಮತ್ತು ಅದಕ್ಕಾಗಿ ನೆರೆಯ ಪದಗಳ ಕಡೆಗೆ ಕಣ್ಣು ಹಾಯಿಸಬೇಕು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಫ್ರೆಂಚ್ ಪದಗಳು ಇಂಗ್ಲಿಷಿಗೆ ಹೇರಳವಾಗಿ ಬಂದವು. ಅವುಗಳಲ್ಲಿ ‘ಬೀಸ್ಟ್’ ಎಂಬುದು ಪ್ರಾಣಿ ಎಂಬ ವಿಶಾಲ ಅರ್ಥದ ಜಾಗವನ್ನು ಮೆಲ್ಲಮೆಲ್ಲನೆ ಆಕ್ರಮಿಸಿತು. ಅರಸರೂ ಶ್ರೀಮಂತರೂ ಬೇಟೆಯಾಡುತ್ತಿದ್ದ ಪ್ರಾಣಿಗಳಲ್ಲಿ ಜಿಂಕೆಗೆ ದೊಡ್ಡ ಸ್ಥಾನವಿದ್ದುದರಿಂದ ‘ಡಿಯರ್’ ಅದಕ್ಕೇ ಅಂಟಿಕೊಂಡು ಉಳಿಯಿತು. ಬೇಟೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ‘ವೆನಿಸನ್’ ಸಹ ಮೊದಲು ಬೇಟೆಯಾಡಿದ ಯಾವ ಪ್ರಾಣಿಯ ಮಾಂಸಕ್ಕೂ ಸಲ್ಲುತ್ತಿದ್ದುದು ಮುಂದೆ ಜಿಂಕೆಯ ಮಾಂಸಕ್ಕೆ ಸೀಮಿತವಾದದ್ದು ಈ ಊಹೆಗೆ ಬಲ ಕೊಡುತ್ತದೆ. ‘ಅನಿಮಲ್’ ಬಳಕೆಗೆ ಬಂದದ್ದು ಇನ್ನೂ ತಡವಾಗಿ: 1611ರಲ್ಲಿ ಪ್ರಕಟವಾದ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಆ ಪದವೇ ಇಲ್ಲ, ಎಲ್ಲೆಡೆ ‘ಬೀಸ್ಟ್’ ಇದೆ.

ಹಳೆಯ ಅರ್ಥ ಅಳಿದರೂ ಅದರ ಕುರುಹು ಎಲ್ಲಾದರೂ ಉಳಿದಿರುತ್ತದೆ. ನಿರ್ಜನವಾದ ಕಾಡುಪ್ರದೇಶವನ್ನು ಹೇಳುವ ‘ವೈಲ್ಡರ್‌ನೆಸ್’ ಪದದ ನಡುವೆ ಇದೇ ‘ದೇಓರ್’ ಅಡಗಿದೆ. ಅದು ಕಾಡುಪ್ರಾಣಿಗಳಿರುವ ನೆಲ. ‘ಡಿಯರ್’ ಬಹುವಚನದಲ್ಲಿಯೂ ‘ಡಿಯರ್’ ಎಂದೇ ಇರುವುದೇಕೆಂದು ಮಕ್ಕಳು ಕೇಳುತ್ತಾರೆ. ಹಳೆಯ ಇಂಗ್ಲಿಷಿನ ಒಂದು ವರ್ಗದ ನಪುಂಸಕಲಿಂಗದ ನಾಮಪದಗಳಿಗೆ ಬಹುವಚನ ಪ್ರತ್ಯಯವೇ ಇರಲಿಲ್ಲ. ‘ಶೀಪ್’ ಕೂಡ ಅದೇ ವರ್ಗದ್ದು. ಸೋದರಭಾಷೆಯಾದ ಜರ್ಮನ್ನಿನಲ್ಲಿ ಈ ಪದದ ಜೊತೆಗಾರನಾದ ‘ಟಿಯರ್’ ಇಂದಿಗೂ ಪ್ರಾಣಿ ಎಂಬ ವಿಶಾಲ ಅರ್ಥವನ್ನೇ ಉಳಿಸಿಕೊಂಡಿದೆ.

ಈಗ ‘ಮೃಗ’ದ ಚೀಟಿಗಳನ್ನು ಪಕ್ಕದಲ್ಲಿಡಬಹುದು. ಋಗ್ವೇದದ ‘ಮೃಗೋ ನ ಭೀಮಃ’ ಎಂಬಲ್ಲಿ ಅದು ಭಯಂಕರವಾದ ಕಾಡುಪ್ರಾಣಿ. ಕೋತಿಗೆ ಶಾಖಾಮೃಗ, ಸಿಂಹಕ್ಕೆ ಮೃಗರಾಜ ಎನ್ನುವಾಗಲೂ ಅದೇ ಅರ್ಥ. ಆದರೆ ಮೃಗನಯನಿ ಎಂದಾಗ ಹುಲಿಯ ಕಣ್ಣು ಯಾರ ನೆನಪಿಗೂ ಬರುವುದಿಲ್ಲ, ಅಲ್ಲಿರುವುದು ಜಿಂಕೆ. ಸಂಸ್ಕೃತದಲ್ಲಿ ಹೀಗೆ ಸಂಕೋಚಗೊಂಡ ಅರ್ಥವೂ ಹಳೆಯ ಅರ್ಥವೂ ಕನ್ನಡದಲ್ಲಿ ಒಟ್ಟಿಗೆ ಬದುಕಿವೆ. ಗದಗಿನ ಹತ್ತಿರದ ಬಿಂಕದಕಟ್ಟಿಯ ಮೃಗಾಲಯದಲ್ಲಿ ‘ಮೃಗ’ ಎಲ್ಲ ಪ್ರಾಣಿಗಳನ್ನೂ ಒಳಗೊಳ್ಳುತ್ತದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಅದೇ ‘ಮೃಗ’ ಚಿಗರಿಗೆ ಸಲ್ಲುತ್ತದೆ. ಜೂನ್ ತಿಂಗಳಿನಲ್ಲಿ ನಮ್ಮ ರೈತರು ಕಾಯುವ ಮಿರಗದ ಮಳೆಯ ಹೆಸರು ಜಿಂಕೆಯ ತಲೆ ಎಂಬ ಅರ್ಥದ ಮೃಗಶಿರಾ ನಕ್ಷತ್ರದಿಂದ ಬಂದದ್ದು. ‘ಡಿಯರ್’ ಹಳೆಯ ಅರ್ಥವನ್ನು ಪೂರ್ತಿ ಕಳೆದುಕೊಂಡಿತು. ಕನ್ನಡದ ‘ಮೃಗ’ ಎರಡನ್ನೂ ಕಾಪಾಡಿಕೊಂಡಿತು. ಇವೆರಡು ಪದಗಳಿಗೆ ಹುಟ್ಟಿನ ಸಂಬಂಧವೇನೂ ಇಲ್ಲ. ಬದಲಾವಣೆಯ ರೀತಿಯಲ್ಲಷ್ಟೇ ಸಾಮ್ಯವಿದೆ.

ಧಾತುವಿನ ವಿಚಾರವನ್ನು ಕೊನೆಗೆ ಇಟ್ಟುಕೊಳ್ಳುವುದು ಕ್ಷೇಮ. ‘ದೇಓರ್’ ಉಸಿರಾಟವನ್ನು ಹೇಳುವ ಮೂಲದಿಂದ ಬಂದಿರಬೇಕೆಂದು ಭಾಷಾಶಾಸ್ತ್ರಜ್ಞರು ಊಹಿಸಿದ್ದಾರೆ. ‘ಪ್ರಾಣ’ದಿಂದ ‘ಪ್ರಾಣಿ’ ಬಂದಂತೆ, ಉಸಿರು ಎಂಬ ಅರ್ಥದ ಲ್ಯಾಟಿನ್ ‘ಅನಿಮ’ದಿಂದ ‘ಅನಿಮಲ್’ ಬಂದಂತೆ ಇದೂ ಉಸಿರಾಡುವ ಜೀವಿ. ಗ್ರೀಕಿನಲ್ಲಿ ಕಾಡುಪ್ರಾಣಿಗಿರುವ ‘ಥೇರ್’ ಎಂಬ ಪದ ಕೇಳಲಿಕ್ಕೆ ಇದರಂತೆಯೇ ಇದ್ದರೂ ಅದು ಬೇರೆ ಮೂಲದ್ದು. ಧ್ವನಿನಿಯಮಗಳ ಬೆಂಬಲವಿಲ್ಲದೆ ಬರಿಯ ಹೋಲಿಕೆಯನ್ನು ನಂಬಬಾರದು.

ಈ ಕ್ರಮ ಕೈಗೆ ಹತ್ತಲು ಇನ್ನೂ ಎರಡು ಜೋಡಿಗಳ ಮೇಲೆ ಕೆಲಸ ಮಾಡಿ ನೋಡಬಹುದು. ‘ಫೌಲ್’ ಮೊದಲು ಯಾವುದೇ ಹಕ್ಕಿ, ಈಗ ಹೆಚ್ಚಾಗಿ ಕೋಳಿ. ‘ಬರ್ಡ್’ ಮೊದಲು ಹಕ್ಕಿಯ ಮರಿ, ಈಗ ಯಾವುದೇ ಹಕ್ಕಿ. ಹಾಗೆಯೇ ‘ಹೌಂಡ್’ ಎಲ್ಲ ನಾಯಿಗಳಿಂದ ಬೇಟೆನಾಯಿಗೆ ಇಳಿಯಿತು, ‘ಡಾಗ್’ ಆ ಜಾಗಕ್ಕೆ ಏರಿತು. ಕನ್ನಡದ ಪದಗಳನ್ನು ಹೀಗೆ ನೋಡಬಯಸುವವರಿಗೆ ಧಾರವಾಡದಲ್ಲಿಯೂ ಇದ್ದು ದುಡಿದ ಕಿಟ್ಟೆಲ್ ಅವರ 1894ರ ನಿಘಂಟು ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇವೆ. ಎರಡನೆಯದರಲ್ಲಿ ಶಾಸನಗಳಿಂದಲೂ ಕಾವ್ಯಗಳಿಂದಲೂ ಆರಿಸಿದ ಪ್ರಯೋಗಗಳು ಸಿಗುವುದರಿಂದ ಚೀಟಿ ಬರೆಯುವ ಕೆಲಸವನ್ನು ಅಲ್ಲಿಂದಲೇ ಆರಂಭಿಸಬಹುದು.