ಸಡಿಲ ಪಿನ್‌ಗೆ ಸೂಪರ್ ಗ್ಲೂ: ನನ್ನ ಹಳೇ ಪಿಯಾನೊ ಶ್ರುತಿ ಹಿಡಿದ ಬಗೆ

ಪಿಯಾನೊ ತಂತಿಯನ್ನು ಸುತ್ತಿ ಶ್ರುತಿಗೆ ಬಿಗಿಸುವ ಟ್ಯೂನಿಂಗ್ ಪಿನ್‌ಗಳು ಸಡಿಲವಾಗಿವೆ, ಅವಕ್ಕೆ ಸೂಪರ್ ಗ್ಲೂ ಹಾಕುತ್ತೇನೆ ಅಂದಾಗ ನನಗೆ ಪರಿಚಯದ ಟ್ಯೂನರ್‌ಗಳಲ್ಲಿ ಒಬ್ಬರೂ ಹೂಂ ಅನ್ನಲಿಲ್ಲ. "ಪಿನ್ ಬ್ಲಾಕ್ ಕೆಟ್ಟುಹೋಗುತ್ತೆ" ಅಂದರು ಒಬ್ಬರು, ಅಂದರೆ ಪಿನ್‌ಗಳು ಕೂರುವ ಮರದ ಹಲಗೆ. "ಆಮೇಲೆ ಪಿನ್ ತಿರುಗೋದೇ ಇಲ್ಲ" ಅಂದರು ಇನ್ನೊಬ್ಬರು. "ಆರು ತಿಂಗಳಲ್ಲಿ ಮತ್ತೆ ಅದೇ ಕಥೆ" ಅನ್ನೋರೂ ಇದ್ದರು. ಗ್ಲೂ ಹಾಕಿ ಈಗ ನಾಲ್ಕೈದು ವರ್ಷ ಆಯಿತು. ವರ್ಷಕ್ಕೆ ಎರಡು ಸಲ ಟ್ಯೂನ್ ಮಾಡುತ್ತೇನೆ. ಪಿನ್ ಸಲೀಸಾಗಿ ತಿರುಗುತ್ತದೆ, ನಿಲ್ಲಿಸಿದಲ್ಲಿ ನಿಲ್ಲುತ್ತದೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ.

ಪಿಯಾನೊ ಒಂದು ಹಳೇ ಎತ್ತರದ ಅಪ್‌ರೈಟ್, ಅಂದರೆ ತಂತಿಗಳು ನೆಟ್ಟಗೆ ನಿಂತಿರುವ ಬಗೆ. ಸೌಂಡ್‌ಬೋರ್ಡ್ (ನಾದ ಹೊಮ್ಮಿಸುವ ಹಲಗೆ) ಗಟ್ಟಿ, ಹ್ಯಾಮರ್ ಫೆಲ್ಟ್ ಇನ್ನೂ ಚೆನ್ನಾಗಿತ್ತು, ಬೇಸ್ ತಂತಿಗಳಲ್ಲಿ ನಾದ ತುಂಬಿತ್ತು. ಪಿನ್ ಮಾತ್ರ ಹಿಡಿಯುತ್ತಿರಲಿಲ್ಲ. ಬೆಲೆಗಿಂತ ಸಾಗಣೆ ಖರ್ಚೇ ಜಾಸ್ತಿ ಆಗಿತ್ತು ಅಂದರೆ ಅದರ ಸ್ಥಿತಿ ನಿಮಗೆ ಅರ್ಥವಾಗುತ್ತದೆ. ಸಂಜೆ ಒಂದು ಸ್ವರದ ಮೂರು ತಂತಿಗಳನ್ನು ಒಂದೇ ಶ್ರುತಿಗೆ ಕೂಡಿಸಿಟ್ಟರೆ ಬೆಳಗ್ಗೆ ಮೂರರಲ್ಲಿ ಒಂದು ತಂತಿ ಜಾರಿರುತ್ತಿತ್ತು. ಪಿನ್ ತಿರುಗುವ ಬಿಗಿ ಅಳೆಯುವ ಟಾರ್ಕ್ ರೆಂಚ್ ಹಾಕಿ ನೋಡಿದರೆ ಬಹಳಷ್ಟು ಪಿನ್ 3ರಿಂದ 4 ನ್ಯೂಟನ್ ಮೀಟರ್. ಹೊಸ ಬ್ಲಾಕ್‌ನಲ್ಲಿ 11ಕ್ಕಿಂತ ಮೇಲಿರುತ್ತದೆ. 5ಕ್ಕಿಂತ ಕೆಳಗೆ ಇಳಿದರೆ ನಾನು ನಂಬುವುದಿಲ್ಲ. ಒಂದೊಂದು ತಂತಿ ಸುಮಾರು 75 ಕೆಜಿ ಎಳೆಯುತ್ತಿರುತ್ತದೆ, ಅಂಥ ಪಿನ್ ಎಷ್ಟು ಹೊತ್ತು ತಡೆದೀತು?

ಗ್ಲೂಗೆ ಬರುವ ಮೊದಲು ಬೇರೆ ದಾರಿಗಳಿಗೂ ದುಡ್ಡು ಸುರಿದಿದ್ದೇನೆ. ಮೊದಲು ಪಿನ್‌ಗಳನ್ನು ಸುತ್ತಿಗೆಯಲ್ಲಿ ಸ್ವಲ್ಪ ಒಳಕ್ಕೆ ಹೊಡೆದೆ. ಕೆಲವು ವಾರ ನಿಂತಿತು, ಅಷ್ಟೇ. ತಂತಿಯ ಸುರುಳಿ ಪ್ಲೇಟ್‌ಗೆ (ಕಬ್ಬಿಣದ ಚೌಕಟ್ಟಿಗೆ) ತಾಗುವಷ್ಟು ಹತ್ತಿರ ಬಂದಮೇಲೆ ಹೊಡೆಯಲು ಜಾಗವೂ ಉಳಿಯಲಿಲ್ಲ. ಆಮೇಲೆ ಪಿನ್ ಹೊರಗೆ ತೆಗೆದು ತೂತಿಗೆ ಮರಳು ಕಾಗದದ ಪಟ್ಟಿ ಇಟ್ಟು ನೋಡಿದೆ. ಇದು ಹಿಡಿಯುತ್ತದೆ, ಸುಳ್ಳು ಹೇಳಬಾರದು. ಆದರೆ ಪ್ರತಿ ಪಿನ್‌ಗೂ ತಂತಿ ಸಡಿಲಿಸಬೇಕು, ಮತ್ತೆ ಸುತ್ತಬೇಕು. ಹಳೇ ತಂತಿ ಸುರುಳಿಯ ಬಾಗಿನಲ್ಲೇ ಪಟ್ ಅಂತ ಮುರಿಯುತ್ತದೆ. ಒಂದು ದಿನದ ದುಡಿಮೆಗೆ ಹತ್ತಾರು ಪಿನ್. ಇರುವುದು 230ರ ಹತ್ತಿರ.

ದಪ್ಪ ಪಿನ್ ಹಾಕಿಸುವ ಲೆಕ್ಕವನ್ನೂ ಹಾಕಿದೆ. ಪಿನ್, ಹೊಸ ತಂತಿ, ಕೂಲಿ ಸೇರಿದರೆ ಪಿಯಾನೊ ಬೆಲೆಯ ಎಷ್ಟೋ ಪಟ್ಟು. ಬ್ಲಾಕ್ ಬದಲಿಸಬೇಕೆಂದರೆ ಆ ದುಡ್ಡಿಗೆ ಒಳ್ಳೇ ಸೆಕೆಂಡ್ ಹ್ಯಾಂಡ್ ಪಿಯಾನೊ ಬರುತ್ತದೆ. ಇನ್ನು ಗ್ಲಿಸರಿನ್ ಬೆರೆಸಿದ ಹಳೇ ಪಿನ್ ಟೈಟ್ನರ್ ದ್ರವ. ಅದನ್ನು ಕೈಯಲ್ಲೂ ಮುಟ್ಟಬೇಡಿ. ಮರ ಉಬ್ಬಿ ಸ್ವಲ್ಪ ದಿನ ಹಿಡಿಯುತ್ತದೆ, ಆಮೇಲೆ ಬ್ಲಾಕ್ ಜಿಡ್ಡಾಗಿ ಯಾವ ಗ್ಲೂ ಕೂಡ ಕಚ್ಚುವುದಿಲ್ಲ. ಪಿನ್ ಸುತ್ತ ಕಪ್ಪು ಅಂಟು ಕಲೆ ಕಂಡರೆ ಯಾರೋ ಅದನ್ನು ಹಾಕಿದ್ದಾರೆ ಅಂತ ಅನುಮಾನಿಸಿ.

ಗ್ಲೂ ಹಾಕಿದ್ದು ಹೀಗೆ. ಆಕ್ಷನ್ (ಹ್ಯಾಮರ್‌ಗಳನ್ನು ಆಡಿಸುವ ಯಂತ್ರಭಾಗ) ಪೂರ್ತಿ ಹೊರಗೆ. ಪಿಯಾನೊವನ್ನು ಜನ ಸೇರಿಸಿ ಬೆನ್ನ ಮೇಲೆ ಮಲಗಿಸಿದೆವು. ನಿಂತಿರುವಾಗಲೇ ಹಾಕುವವರೂ ಇದ್ದಾರೆ, ಆದರೆ ಗ್ಲೂ ಒಳಗೆ ಹೋಗುವುದಕ್ಕಿಂತ ಪ್ಲೇಟ್ ಮೇಲೆ ಇಳಿಯುವುದೇ ಜಾಸ್ತಿ. ಮಲಗಿಸಿದರೆ ಪಿನ್ ನೆಟ್ಟಗೆ ಮೇಲಕ್ಕೆ ನೋಡುತ್ತದೆ, ಉಳಿದ ಕೆಲಸ ಭೂಮಿಯ ಸೆಳೆತ ಮಾಡುತ್ತದೆ. ಪಿನ್‌ಗಳ ನಡುವಿನ ಧೂಳನ್ನು ವ್ಯಾಕ್ಯೂಮ್ ಹಿಡಿದು ಪೂರ್ತಿ ತೆಗೆಯಿರಿ. ಧೂಳಿದ್ದರೆ ಗ್ಲೂ ಅಲ್ಲೇ ಗಟ್ಟಿಯಾಗಿ ಕೂರುತ್ತದೆ.

ಗ್ಲೂ ನೀರಿನಷ್ಟು ತೆಳು ಇರಬೇಕು. ಜೆಲ್ ಬೇಡ, ಬೇಗ ಒಣಗಿಸುವ ಸ್ಪ್ರೇ ಬೇಡವೇ ಬೇಡ. ಸಣ್ಣ ತುದಿಯ ನಳಿಕೆ ಹಾಕಿ ಪಿನ್ ಬುಡಕ್ಕೆ ಎರಡು ಮೂರು ಹನಿ. ಆ ಕ್ಷಣ ನೋಡಲು ಚಂದ. ಪಿನ್ ಸುತ್ತಲಿನ ಮರದ ಬುಶಿಂಗ್ (ಪ್ಲೇಟ್ ತೂತಿನಲ್ಲಿ ಕೂರುವ ಬಳೆ) ಒದ್ದೆಯಾಗಿ ಕಪ್ಪಾಗುತ್ತದೆ. ಒಂದು ಹೊಳೆಯುವ ಉಂಗುರ ನಿಲ್ಲುತ್ತದೆ. ನಿಧಾನಕ್ಕೆ ಉಂಗುರ ಒಳಗೆ ಇಳಿದು ಮಾಯ. ಇಳಿದಮೇಲೆ ಮುಂದಿನ ಸುತ್ತು. ಹೀಗೆ ಮೂರು ಸುತ್ತು, ಪಿನ್‌ಗೆ ಸುಮಾರು ಎಂಟು ಹನಿ. ಇಡೀ ಪಿಯಾನೊಗೆ 50-60 ಮಿಲಿ ಹಿಡಿಸಿತು. ಬುಶಿಂಗ್ ಬಿಗಿಯಾಗಿದ್ದು ಗ್ಲೂ ಮೇಲೇ ನಿಂತುಬಿಟ್ಟರೆ ಅದನ್ನು ಬ್ಲಾಕ್ ತನಕ ಇಳಿಸಲು ನನ್ನದೇ ಒಂದು ಕೈಚಳಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹೊಟ್ಟೆಪಾಡು ಅದರಲ್ಲೂ ಇದೆ.

ಕಿಟಕಿ ಎಲ್ಲಾ ತೆರೆದಿರಲಿ, ಹೊಗೆ ಕಣ್ಣು ಉರಿಸುತ್ತದೆ. ಕನ್ನಡಕ ಹಾಕಿ. ಹತ್ತಿಯ ಕೈಗವಸು ಹಾಕಬೇಡಿ, ಈ ಗ್ಲೂ ಹತ್ತಿಗೆ ತಾಗಿದರೆ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ.

ಒಂದು ರಾತ್ರಿ ಸಾಕು ಅನ್ನುತ್ತಾರೆ, ನಾನು ಎರಡು ರಾತ್ರಿ ಬಿಟ್ಟೆ. ಮೊದಲ ಸಲ ತಿರುಗಿಸಿದಾಗ ಪಿನ್ 'ಟಿಕ್' ಅಂತ ಸದ್ದು ಮಾಡಿ ಬಿಡಿಸಿಕೊಳ್ಳುತ್ತದೆ. ಹೆದರಬೇಡಿ. ಆಮೇಲೆ ಅದು ಬಿಗಿಯಾಗಿ, ನುಣ್ಣಗೆ ತಿರುಗುತ್ತದೆ. ರೆಂಚ್ ಹೆಚ್ಚಿನ ಕಡೆ 8-9 ತೋರಿಸಿತು. ಬೇಸ್‌ನಲ್ಲಿ ಕೆಲವು 5ರ ಆಸುಪಾಸಿನಲ್ಲೇ ಉಳಿದವು. ಅವಕ್ಕೆ ಇನ್ನೊಂದು ಬಾರಿ ಹಾಕಿದೆ, ಸರಿಹೋದವು. ಗ್ಲೂಗೆ ಆದ ಖರ್ಚು ಒಂದು ಟ್ಯೂನಿಂಗ್ ಕೂಲಿಯ ಕಾಲು ಭಾಗವೂ ಅಲ್ಲ.

ಶ್ರುತಿ ಸುಮಾರು 60-70 ಸೆಂಟ್ ಕೆಳಗಿತ್ತು (ನೂರು ಸೆಂಟ್ ಅಂದರೆ ಅರ್ಧ ಸ್ವರ). 440 ಹರ್ಟ್ಜ್‌ನ ಮಾನಕ ಶ್ರುತಿಗೆ ಒಂದೇ ಏಟಿಗೆ ಹೋಗಲಿಲ್ಲ. ಪ್ರತಿ ತಂತಿಯನ್ನೂ ಮೊದಲು ಒಂದು ಚೂರು ಇಳಿಸಿ ತುಕ್ಕು ಬಿಡಿಸಿ, ಆಮೇಲೆ ಏರಿಸಿದೆ. ಮತ್ತೆ ಇಳಿಯುತ್ತದೆ ಅಂತ ಗೊತ್ತಿದ್ದರಿಂದ ಮಧ್ಯದ ಸ್ವರಗಳನ್ನು ಗುರಿಗಿಂತ ಕೊರತೆಯ ಕಾಲು ಭಾಗದಷ್ಟು ಮೇಲಕ್ಕೆ ಎಳೆದು ಬಿಟ್ಟೆ, ಮೇಲಿನ ಸ್ವರಗಳಿಗೆ ಸ್ವಲ್ಪ ಜಾಸ್ತಿ, ಬೇಸ್‌ಗೆ ಕಡಿಮೆ. ಎರಡು ಒರಟು ಸುತ್ತು, ಆಮೇಲೆ ನಯದ ಸುತ್ತು. ಮುರಿದಿದ್ದು ಒಂದೆರಡು ತಂತಿ ಮಾತ್ರ.

ಬಾಟಲಿಯಲ್ಲಿ ಗ್ಲೂ ಉಳಿದಿತ್ತು, ಸುಮ್ನೆ ಯಾಕೆ ಒಣಗಿಸೋದು ಅಂತ ಇನ್ನೊಂದು ಪ್ರಯೋಗ ಮಾಡಿದೆ. ಮೇಲಿನ ಸ್ವರಗಳಲ್ಲಿ ಒಂದೇ ತಂತಿ ತಾನಾಗಿ ಅಲೆಯುತ್ತದಲ್ವಾ, ಆ ಸುಳ್ಳು ಬೀಟ್. ಸ್ಕ್ರೂಡ್ರೈವರ್ ತುದಿಯಿಂದ ಬ್ರಿಡ್ಜ್ ಪಿನ್ನನ್ನು (ಸೌಂಡ್‌ಬೋರ್ಡ್ ಮೇಲಿನ ಮರದ ಪಟ್ಟಿಯಲ್ಲಿ ತಂತಿಯನ್ನು ಹಿಡಿದಿಡುವ ಸಣ್ಣ ಪಿನ್) ಪಕ್ಕಕ್ಕೆ ಮೆಲ್ಲಗೆ ಒತ್ತಿ ನೋಡಿ. ಬೀಟ್ ನಿಂತರೆ ಆ ಪಿನ್ ಸಡಿಲ. ಅದರ ಬುಡಕ್ಕೆ ಒಂದೇ ಹನಿ. ಅರ್ಧಕ್ಕಿಂತ ಹೆಚ್ಚು ಕಡೆ ನಾದ ತಿಳಿಯಾಯಿತು. ತೇವ ಒಂದೇ ಮಟ್ಟದಲ್ಲಿ ಇರಲಿ ಅಂತ ಪಿಯಾನೊ ಒಳಗೆ ನೀರಿನ ಬಟ್ಟಲು ಇಟ್ಟೂ ನೋಡಿದೆ. ತೇವಮಾಪಕದ ಮುಳ್ಳು ಒಂದು ಕಡೆ ನಿಲ್ಲಲೇ ಇಲ್ಲ. ಬಿಟ್ಟುಬಿಟ್ಟೆ. ಕೋಣೆಯನ್ನೇ 40ರಿಂದ 55 ಶೇಕಡಾ ತೇವದಲ್ಲಿ ಇಡುವುದು ಎಷ್ಟೋ ಮೇಲು.

ಪಿಯಾನೊ ಮಾಲೀಕರು ಒಂದು ವಿಷಯ ಗಮನಿಸಿ, ದುಡ್ಡು ಉಳಿಯುತ್ತದೆ. ಋತು ಬದಲಾದಾಗ ಮಧ್ಯದ ಇಡೀ ವಿಭಾಗ ಒಟ್ಟಿಗೆ ಏರಿದರೆ ಅಥವಾ ಇಳಿದರೆ ಅದು ತೇವಕ್ಕೆ ಸೌಂಡ್‌ಬೋರ್ಡ್ ಉಬ್ಬಿದ್ದು, ಕುಗ್ಗಿದ್ದು. ಗ್ಲೂ ಹಾಕಿದಮೇಲೂ ಅದು ಇದ್ದೇ ಇರುತ್ತದೆ. ಒಂದೇ ಕೀಲಿಯ ಮೂರು ತಂತಿಗಳಲ್ಲಿ ಒಂದು ಮಾತ್ರ ಕೆಲವೇ ದಿನದಲ್ಲಿ ಜಾರಿದರೆ ಅದು ಪಿನ್. ಟ್ಯೂನರ್‌ಗೆ ಕರೆ ಮಾಡುವಾಗ ಇಷ್ಟು ಹೇಳಿದರೆ ಅವರು ಸರಿಯಾದ ಸಾಮಾನು ಹಿಡಿದೇ ಬರುತ್ತಾರೆ.

ಸಡಿಲ ಪಿನ್‌ಗಳೆಲ್ಲ ಒಂದೇ ಸಾಲಿನಲ್ಲಿ ಇದ್ದರೆ ಬ್ಲಾಕ್ ಸೀಳಿರಬಹುದು, ಗ್ಲೂ ನಂಬಬೇಡಿ. ಬೆಲೆಬಾಳುವ ಗ್ರ್ಯಾಂಡ್ (ತಂತಿಗಳು ಮಲಗಿರುವ ಪಿಯಾನೊ) ಆದರೆ ಸರಿಯಾಗಿ ಬ್ಲಾಕ್ ಬದಲಿಸುವುದೇ ಮೇಲು. ಸಾಧಾರಣ ಗ್ರ್ಯಾಂಡ್‌ಗೆ ಈ ವಿಧಾನ ಇನ್ನೂ ಸುಲಭ, ಮಲಗಿಸುವ ಕಷ್ಟವಿಲ್ಲ. ಆಕ್ಷನ್ ಹೊರಗೆ ಎಳೆದಿಟ್ಟು, ಅದು ಕೂರುವ ಜಾಗದಲ್ಲಿ ದಪ್ಪ ಕಾಗದ ಹಾಸಿ. ಒಡೆದ ತೂತಿನಿಂದ ಗ್ಲೂ ಕೆಳಗೆ ತೊಟ್ಟಿಕ್ಕುತ್ತದೆ. ಅದು ಪೂರ್ತಿ ಒಣಗುವ ತನಕ ಆಕ್ಷನ್ ಒಳಗೆ ತಳ್ಳಬೇಡಿ.